ಹಾರಿದರೂ ಹಾರದಿದ್ದರೂ ನೂರಕ್ಕೆ ಹನ್ನೆರಡು

ಏಳು ವರ್ಷಗಳ ಹಿಂದೆ ಶಿವಮೊಗ್ಗದ ಕೋಟೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ನಿಂತು, ಎದೆಯ ಮೇಲಿನ ಲಿಂಗವನ್ನು ಮುಟ್ಟಿ ಜವಳಿ ವ್ಯಾಪಾರಿ ಶಿವಯೋಗಪ್ಪನವರು ತಮ್ಮ ಹೊಸ ಹೆಲಿಕಾಪ್ಟರ್ ಕಂಪನಿಗೆ ಷೇರು ಕೂಡಿಸುತ್ತ ಒಂದು ಮಾತು ಕೊಟ್ಟಿದ್ದರು.

"ನೂರು ರೂಪಾಯಿ ಷೇರು ತಗೊಂಡೋರಿಗೆ ವರ್ಷಕ್ಕೆ ಹನ್ನೆರಡು ರೂಪಾಯಿ ಡಿವಿಡೆಂಡು. ಬಲಿಪಾಡ್ಯಮಿ ದಿನ, ನನ್ನ ಅಂಗಡಿ ಬಾಗಿಲಲ್ಲಿ, ಕೈಯಿಂದ ಕೈಗೆ. ಹೆಲಿಕಾಪ್ಟರ್ ಹಾರಿದ್ರೂ ಸರಿ, ಹಾರದಿದ್ರೂ ಸರಿ. ಒಬ್ಬರಿಗೂ ತಪ್ಪಿಸಲ್ಲ."

ಜನ ಚಪ್ಪಾಳೆ ತಟ್ಟಿದ್ದರು. ಬಂದೋಬಸ್ತಿಗೆ ಬಂದಿದ್ದ ಪೊಲೀಸ್ ದಫೇದಾರ್ ಶೇಷಪ್ಪನೂ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದ್ದ.

ಈ ಬಲಿಪಾಡ್ಯಮಿಯ ಬೆಳಿಗ್ಗೆ, ಭದ್ರಾವತಿಯ ಹೊರಗಿನ ತಗಡಿನ ಷೆಡ್ಡಿನಲ್ಲಿ, ಈಗ ಪಿಂಚಣಿದಾರನಾದ ಅದೇ ಶೇಷಪ್ಪ ಆ ಕಂಪನಿಯ ಹೆಲಿಕಾಪ್ಟರಿನ ಟಾರ್ಪಾಲು ಎತ್ತಿ ಒಳಗೆ ಟಾರ್ಚು ಬಿಟ್ಟ.

ಎಂಜಿನ್ ಇರಬೇಕಾದ ಜಾಗದಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಎಂಜಿನ್ ಎಲ್ಲಯ್ಯಾ?"

"ರಿಪೇರಿಗೆ ಅಂತ ಬೊಂಬಾಯಿಗೆ ಹೋಯ್ತು ಸಾಮಿ," ಎಂದ ಕಾವಲುಗಾರ ಕೆಂಚಪ್ಪ. "ಹೋಗಿ ಎರಡು ವರ್ಷದ ಮೇಲಾಯ್ತು. ದುಡ್ಡು ಕಟ್ಟಿ ಬಿಡಿಸ್ಕೊಂಡು ಬರ್ಬೇಕಂತೆ. ಯಾರೂ ಬಿಡಿಸ್ಲಿಲ್ಲ."

"ಅಂದ್ರೆ ಈ ಎರಡು ವರ್ಷ ಇದು ಹಾರೇ ಇಲ್ಲ?"

"ಇದರೊಳಗೆ ಹಾರೋದು ಅಂದ್ರೆ ನಮ್ಮ ಕೋಳಿ ಒಂದೇ ಸಾಮಿ. ಅದೂ ಗದರ್ಸಿದ್ರೆ."

ಶೇಷಪ್ಪನಿಗೆ ನಗು ಬರಲಿಲ್ಲ. ಮೊದಲ ವರ್ಷಗಳಲ್ಲಿ ಈ ಯಂತ್ರ ನಿಜವಾಗಿಯೇ ಹಾರಿತ್ತು. ಅಡಿಕೆಗೆ ಕೊಳೆರೋಗ ತಗಲದ ಹಾಗೆ ಮೇಲಿನಿಂದ ಔಷಧಿ ಹೊಡೆದು, ಎಕರೆಗೆ ಇಷ್ಟೆಂದು ಬಾಡಿಗೆ ತಂದಿತ್ತು. ಆಗ ಡಿವಿಡೆಂಡೂ ಲಾಭದಿಂದಲೇ ಬಂದಿತ್ತು. ಆಮೇಲೆ ಯಂತ್ರ ಕೂತಿತು. ಡಿವಿಡೆಂಡು ಮಾತ್ರ ನಿಲ್ಲಲಿಲ್ಲ.

ಟಾರ್ಪಾಲು ಇಳಿಬಿಡುತ್ತ ಕೆಂಚಪ್ಪ ದನಿ ತಗ್ಗಿಸಿದ.

"ಸಾಮಿ, ಎಂಜಿನ್ ಇಲ್ಲ ಅನ್ನೋದು ನಿಮ್ಮ ಹೊಟ್ಟೇಲೇ ಇರ್ಲಿ. ನಂದೂ ಎರಡು ಷೇರು ಐತೆ." ಹೆಗಲಿನ ಟವೆಲನ್ನು ಕೊಡವಿ ತಲೆಗೆ ಸುತ್ತಿಕೊಂಡ. "ಬಸ್ಸಿಗೆ ಹೊತ್ತಾಯ್ತು. ಗಾಂಧಿ ಬಜಾರಿಗೆ ಹೋಗಿ ಇಪ್ಪತ್ತನಾಲ್ಕು ರೂಪಾಯಿ ಇಸ್ಕೊಂಡು ಬರ್ಬೇಕು."

ಭದ್ರಾವತಿಯ ಹಳೇನಗರದ ಒಂದು ಓಣಿಯಲ್ಲಿ ಎಲ್ಲ ಮನೆಗಳ ಮುಂದೆಯೂ ಹಬ್ಬದ ರಂಗೋಲಿ ಇತ್ತು, ಒಂದು ಮನೆಯ ಮುಂದೆ ಬಿಟ್ಟು. ಅದು ಚಿನ್ನಮ್ಮನ ಮನೆ; ಅವಳು ಹೇಳಿ ಕಳಿಸಿದ್ದಕ್ಕೇ ಶೇಷಪ್ಪ ಭದ್ರಾವತಿಗೆ ಬಂದಿದ್ದ. ಹದಿನೈದು ದಿನದ ಹಿಂದೆ ಭದ್ರಾ ಹೊಳೆಯಲ್ಲಿ ಸಿಕ್ಕ ಹೆಣ ಅವಳ ಗಂಡ, ಹೆಲಿಕಾಪ್ಟರ್ ಕಂಪನಿಯ ಲೆಕ್ಕ ಬರೆಯುತ್ತಿದ್ದ ರಾಮಯ್ಯನದು ಎಂದು ಪೊಲೀಸರು ಬರೆದುಕೊಂಡಿದ್ದರು. ಡಿವಿಡೆಂಡಿಗೆಂದು ತೆಗೆದಿಟ್ಟಿದ್ದ ಹದಿನೆಂಟು ಸಾವಿರ ಕದ್ದು, ಹೆದರಿ ಹೊಳೆಗೆ ಹಾರಿದ ಎಂದು ಕಂಪನಿ ಹೇಳಿತ್ತು.

"ಸೋಮವಾರ ಫೈಲ್ ಮುಚ್ತಾರಂತೆ ಅಣ್ಣ," ಎಂದಳು ಚಿನ್ನಮ್ಮ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಕಳ್ಳ ಅಂತಲೇ ಬರೆದು ಮುಚ್ತಾರೆ. ನಂಗೆ ದುಡ್ಡು ಬೇಡ, ಕಾಸು ಬೇಡ. ಇವರು ಕಳ್ಳ ಅಲ್ಲ ಅಂತ ಒಂದು ಗೆರೆ ಬರೆಸಿಕೊಡಿ. ಇಸ್ಕೂಲಲ್ಲಿ ನನ್ನ ಮಗಳ ಪಕ್ಕ ಯಾರೂ ಕೂರ್ತಿಲ್ಲ."

ಒಳಗಿನ ಕೋಣೆಯಲ್ಲಿ ಆ ಮಗಳು ಗೋಡೆಯ ಕಡೆ ಮುಖ ಮಾಡಿ ಪಾಠ ಬಾಯಿಪಾಠ ಮಾಡುತ್ತಿದ್ದಳು. ಹಬ್ಬದ ರಜೆಯಲ್ಲೂ. ಶೇಷಪ್ಪ ಆ ಬೆನ್ನನ್ನು ನೋಡಿದ. ತನ್ನ ಮನೆಯಲ್ಲೂ ಒಬ್ಬಳಿದ್ದಾಳೆ, ಮಾಘದಲ್ಲಿ ಮದುವೆ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ ತಾಯಿ. ಹೆಣದ ಮುಖ ನೋಡಿದ್ಯಾ?"

"ನೋಡೋಕೆ ಮುಖ ಅಂತ ಏನಿತ್ತು ಅಣ್ಣ, ನಾಕು ದಿನ ನೀರಲ್ಲಿದ್ದಿದ್ದು. ಅಂಗಿ ತೋರಿಸಿದ್ರು. ತೋಳಿಗೆ ತೇಪೆ ಹಾಕಿದ್ದು ನಾನೇ."

ಅವಳು ಒಳಗೆ ಹೋಗಿ ಮಗಳ ಮಾರ್ಕ್ಸ್ ಕಾರ್ಡು ತಂದಳು. ಅದರ ದಪ್ಪ ಹೊದಿಕೆಯೊಳಗೆ ಎರಡು ಮಡಿಸಿದ ಕಾಗದಗಳಿದ್ದವು. ನಿನ್ನೆ ಸಂಜೆ ಹೊದಿಕೆ ಬದಲಿಸುವಾಗ ಸಿಕ್ಕವಂತೆ.

ಕಾರ್ಡಿನ ಮೇಲಿನ ರಾಮಯ್ಯನ ರುಜುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಶೇಷಪ್ಪ ಕನ್ನಡಕ ಸರಿಮಾಡಿಕೊಂಡ. 'ಗಂ. 7-40.'

"ಇದೇನು?"

ಇಷ್ಟು ದಿನದಲ್ಲಿ ಮೊದಲ ಸಲ ಚಿನ್ನಮ್ಮನ ತುಟಿ ಸ್ವಲ್ಪ ಅಲುಗಿತು. "ಇವರದ್ದೊಂದು ಹುಚ್ಚು. ಎಲ್ಲಿ ರುಜು ಹಾಕಿದ್ರೂ ಕೆಳಗೆ ಗಂಟೆ ಬರೀಬೇಕು. ಹಾಲಿನವನ ಚೀಟಿಗೂ ಬರೆಯೋರು. 'ಯಾವ ದಿನ ಅಂತ ಎಲ್ರೂ ಬರೀತಾರೆ, ಯಾವ ಗಳಿಗೇಲಿ ಒಪ್ಪಿಕೊಂಡೆ ಅಂತ ಗೊತ್ತಿರ್ಬೇಕು ಕಣೇ' ಅನ್ನೋರು."

ಮೊದಲ ಕಾಗದ, ಹೆಲಿಕಾಪ್ಟರ್ ಯಾವ ದಿನ ಎಲ್ಲಿ ಹಾರಿತೆಂದು ಬರೆದಿಡುವ ಪುಸ್ತಕದ ಒಂದು ಹಾಳೆ. ಹೋದ ಮುಂಗಾರಿನ ಒಂದು ದಿನಕ್ಕೆ ರಾಮಯ್ಯ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ. ಆ ದಿನ ಇನ್ನೂರು ಎಕರೆಗೆ ಔಷಧಿ ಹೊಡೆದಿದೆ ಎಂದು ಅಲ್ಲಿ ಬರೆದಿತ್ತು.

ಆ ದಿನ ಶೇಷಪ್ಪನಿಗೆ ಚೆನ್ನಾಗಿ ನೆನಪಿತ್ತು. ಶಿವಮೊಗ್ಗದಲ್ಲಿ ಯಾರಿಗೆ ನೆನಪಿಲ್ಲ? ತುಂಗೆ ತುಂಬಿ ಹೊಳೆಯ ನಡುವಿನ ಮಂಟಪ ಮುಳುಗಿದ ದಿನ. ಊರೆಲ್ಲ ಕೊಡೆ ಹಿಡಿದು ಸೇತುವೆಯ ಮೇಲೆ ನಿಂತು ನೋಡಿತ್ತು. ಕಾಗೆಯೂ ಹಾರದ ಮಳೆ ಅದು.

ಎರಡನೆಯ ಕಾಗದ ಶಿವಯೋಗಪ್ಪನವರಿಗೆ ಬರೆದ ಪತ್ರದ ನಕಲು. 'ಲಾಭವಿಲ್ಲದೆ ಡಿವಿಡೆಂಡು ಹಂಚುವುದು ಕಾನೂನಿಗೆ ವಿರುದ್ಧ. ಹೊಸದಾಗಿ ಷೇರು ಕೊಂಡವರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡುತ್ತಿದ್ದೇವೆ. ಈ ಲೆಕ್ಕವನ್ನು ನಾನು ಒಪ್ಪಲಾರೆ. ರಾಮಯ್ಯ. ಗಂ. 4-15.'

"ಇಷ್ಟು ಸಾಕಾ ಅಣ್ಣ?"

"ಸಾಕು ತಾಯಿ," ಎಂದ ಶೇಷಪ್ಪ. ಅಂದುಬಿಟ್ಟ ಮೇಲೆ ಯಾಕೆ ಅಂದೆನೋ ಅನಿಸಿತು. "ಸಂಜೆ ರೈಲಿಗೆ ಬಂದು ಹೇಳ್ತೀನಿ."

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಗಳಿಗೆಲ್ಲ ಮಾವಿನ ತೋರಣ, ಚೆಂಡುಹೂವು. ಶಿವಯೋಗಪ್ಪನವರ ಜವಳಿ ಅಂಗಡಿಯ ಮುಂದಿನ ಸಾಲು ಎರಡು ತಿರುವು ದಾಟಿ ಹೋಗಿತ್ತು.

ಕೆಳಗೆ ಗುಮಾಸ್ತ ಜನಾರ್ದನ ಕೆಂಪು ಬಟ್ಟೆಯ ಹೊದಿಕೆಯ, ಹಳೆಯ ಷೇರುದಾರರ ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಪ್ರತಿ ವರ್ಷದ ಪದ್ಧತಿ. ಮೊದಲು ಎಡಗೈಗೆ ತಾಂಬೂಲದ ತಟ್ಟೆ: ಎರಡು ಎಲೆ, ಒಂದು ಅಡಿಕೆ, ಮೇಲೆ ನೋಟು. ಆಮೇಲೆ ಬಲಗೈಗೆ ಪೆನ್ನು. ತಾಂಬೂಲ ಕೈಗೆ ಬಂದ ಮೇಲೆ ಪುಸ್ತಕದಲ್ಲಿ ಏನು ಬರೆದಿದೆಯೆಂದು ಓದುತ್ತ ನಿಲ್ಲುವುದು ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಏಳು ವರ್ಷದಲ್ಲಿ ಒಬ್ಬರೂ ಓದಿದ್ದನ್ನು ಶೇಷಪ್ಪ ಕಂಡಿರಲಿಲ್ಲ.

"ದೇವರಂಥ ಮನುಷ್ಯ," ಎನ್ನುತ್ತಿದ್ದರು ಸಾಲಿನಲ್ಲಿದ್ದ ದಾಕ್ಷಾಯಣಮ್ಮ, ಕೋಟೆಯ ದೊಡ್ಡ ಮನೆಯವರು. "ಆ ಲೆಕ್ಕದವನು ಅಷ್ಟೂ ದುಡ್ಡು ಹೊತ್ಕೊಂಡು ಹೋದ್ರೂ ತಮ್ಮ ಮನೆ ಅಡ ಇಟ್ಟು ನಮಗೆ ಕೊಡ್ತಿದ್ದಾರೆ."

ಶೇಷಪ್ಪ ಮಹಡಿ ಹತ್ತಿದ. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಶಿವಯೋಗಪ್ಪನವರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು ದಿಂಬಿಗೆ ಒರಗಿ ಕೂತಿದ್ದರು. ನಿದ್ದೆಯಿಲ್ಲದ ಕಣ್ಣು.

"ಬನ್ನಿ ಶೇಷಪ್ಪನೋರೆ. ಹಬ್ಬದ ದಿನ, ಮೊದಲು ಬಾಯಿ ಸಿಹಿ ಮಾಡ್ಕೊಳ್ಳಿ."

"ಬೇಡಿ. ಭದ್ರಾವತಿಯಿಂದ ಬರ್ತಾ ಇದೀನಿ. ಷೆಡ್ಡಿಗೆ ಹೋಗಿದ್ದೆ."

"ಓ."

"ಎಂಜಿನ್ ಇಲ್ಲ. ಮಂಟಪ ಮುಳುಗಿದ ದಿನ ಎಂಜಿನ್ ಇಲ್ಲದ ಹೆಲಿಕಾಪ್ಟರ್ ಇನ್ನೂರು ಎಕರೆಗೆ ಔಷಧಿ ಹೊಡೆದಿದೆ. ಒಂದು ಪೈಸೆ ಸಂಪಾದನೆ ಇಲ್ಲದ ಕಂಪನಿಯಲ್ಲಿ ಡಿವಿಡೆಂಡಿಗೆ ಅಂತ ತೆಗೆದಿಟ್ಟ ಹದಿನೆಂಟು ಸಾವಿರ ಎಲ್ಲಿಂದ ಬಂತು ಸ್ವಾಮಿ? ಕಳವಾಗೋಕೆ ಅಲ್ಲಿ ದುಡ್ಡೇ ಇರ್ಲಿಲ್ಲ. ಇವತ್ತು ನೀವು ಕೆಳಗೆ ಹಂಚ್ತಾ ಇರೋದೂ ಮನೆ ಅಡ ಇಟ್ಟ ದುಡ್ಡಲ್ಲ. ಈ ಹದಿನೈದು ದಿನದಲ್ಲಿ ಹೊಸ ಷೇರು ಮಾರಿ ತಂದಿದ್ದು."

ಎರಡೂ ಕಾಗದಗಳನ್ನು ಅವರ ಮುಂದಿನ ಮಣೆಯ ಮೇಲೆ ಇಟ್ಟ. ಶಿವಯೋಗಪ್ಪನವರು ಮುಟ್ಟಲಿಲ್ಲ. ಬಗ್ಗಿ ಓದಿದರು.

"ಅವನ ಕೈಬರಹ ಎಷ್ಟು ದುಂಡಗಿತ್ತು ನೋಡಿ," ಎಂದರು.

"ರಾಮಯ್ಯನ್ನ ಯಾರು ಹೊಳೆಗೆ ತಳ್ಳಿದ್ದು?"

"ನಾನು ತಳ್ಳಲಿಲ್ಲ. ತಳ್ಳಿಸ್ಲೂ ಇಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

"ಮತ್ತೆ ಅವನನ್ನ ಕಳ್ಳ ಅಂದಿದ್ಯಾಕೆ?"

ಶಿವಯೋಗಪ್ಪನವರು ದಿಂಬು ಬಿಟ್ಟು ನೆಟ್ಟಗೆ ಕೂತರು.

"ಅವನು ಕಾಣೆಯಾದ ಮೂರನೇ ದಿನ ಜನ ಬಂದು ಬಾಗಿಲು ಬಡಿದ್ರು. ದುಡ್ಡಿದೆಯೋ ಇಲ್ವೋ ಅಂತ ಕೇಳಿದ್ರು. ನಾನೇನು ಹೇಳ್ಲಿ? ಬಾಯಿಗೆ ಬಂತು, ಹೇಳ್ದೆ. ಹೆಣ ಸಿಕ್ಕಿದ್ದು ಅದಾದ ಮಾರನೇ ದಿನ." ಅವರು ಕಣ್ಣು ಮುಚ್ಚಿ ತೆರೆದರು. "ಅಂದ ಮಾತು ತಿರುಗಿ ಬರುತ್ತಾ?"

"ಬರುತ್ತೆ. ಪೊಲೀಸ್ ಸ್ಟೇಷನ್ನಿಗೆ ಬಂದು ಹೇಳಿ. ಒಂದು ಗೆರೆ ಬರ್ಕೊಡಿ. ಆ ಮಗು ಇಸ್ಕೂಲಿಗೆ ಹೋಗ್ಬೇಕು."

"ಒಂದು ಗೆರೆ." ಶಿವಯೋಗಪ್ಪನವರು ಆ ಮಾತನ್ನು ತೂಗಿ ನೋಡಿದರು. "ದುಡ್ಡು ಕಳವಾಗಿಲ್ಲ ಅಂತ ಬರೆದ್ರೆ, ದುಡ್ಡು ಇರ್ಲೇ ಇಲ್ಲ ಅಂತ ಬರೆದ ಹಾಗೆ. ನಾಳೆ ಬೆಳಿಗ್ಗೆ ನೂರರ ಷೇರನ್ನ ಹತ್ತು ರೂಪಾಯಿಗೂ ಯಾರೂ ಮುಟ್ಟಲ್ಲ. ನಿಮ್ಮದೆಷ್ಟು? ಇಪ್ಪತ್ತು ಷೇರಲ್ವಾ? ಮಗಳ ಮದುವೆ ಮಾಘದಲ್ಲಿ?"

ಶೇಷಪ್ಪನಿಗೆ ಸರ್ವೀಸಿನಿಂದ ಬಂದ ದುಡ್ಡು, ಹೆಂಡತಿ ಮಾಸ್ತಮ್ಮನ ಅವಲಕ್ಕಿ ಸರ ಮಾರಿದ ದುಡ್ಡು, ಎಲ್ಲ ಸೇರಿ ಎರಡು ಸಾವಿರ ಅಲ್ಲೇ ಇತ್ತು.

"ಎಂಜಿನ್ ಬಿಡಿಸ್ಕೊಳ್ಳೋಕೆ ಬೊಂಬಾಯಿಯವರು ಕೇಳಿದ್ದು ಹದಿನಾರು ಸಾವಿರ," ಎಂದರು ಶಿವಯೋಗಪ್ಪನವರು. "ಒಂದು ವರ್ಷದ ಡಿವಿಡೆಂಡಿಗಿಂತ ಕಡಿಮೆ. ಈ ಒಂದು ವರ್ಷ ಡಿವಿಡೆಂಡು ಬಿಡಿ, ಯಂತ್ರ ಎದ್ದೇಳುತ್ತೆ, ಅಂತ ಆಗಿನ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಕೈ ಮುಗಿದಿದ್ದೆ. ನೆನಪಿದೆಯಾ? ನೀವು ಮೂರನೇ ಸಾಲಲ್ಲಿ ಕೂತಿದ್ರಿ."

ನೆನಪಿತ್ತು. 'ಕೊಟ್ಟ ಮಾತು! ಕೊಟ್ಟ ಮಾತು!' ಎಂದು ಸಭೆಯೆಲ್ಲ ಕೂಗಿತ್ತು. ಆ ವರ್ಷ ಮಗಳಿಗೆ ಗಂಡು ನೋಡಲು ಶುರುಮಾಡಿದ್ದರು. ಶೇಷಪ್ಪನೂ ಕೂಗಿದ್ದ. ಒಂದು ಸಲವಲ್ಲ.

"ಅವತ್ತು ಬೇಡ ಅಂದಿದ್ದು ರಾಮಯ್ಯ ಒಬ್ಬನೇ," ಎಂದರು ಅವರು. "ಡಿವಿಡೆಂಡು ಬೇಡ, ಎಂಜಿನ್ ತನ್ನಿ ಅಂದ. ಜನ ಅವನನ್ನ ಕೂರಿಸಿದ್ರು."

"ತಪ್ಪು ನಮ್ಮೆಲ್ಲರದ್ದೂ ಇರಬಹುದು. ಆದ್ರೆ ಲೆಕ್ಕ ಸುಳ್ಳು ಮಾಡಿದ್ದು ನೀವು. ಇದನ್ನ ತಗೊಂಡು ನಾನು ಬೆಂಗಳೂರಿಗೆ, ಕಂಪನಿಗಳ ಲೆಕ್ಕ ನೋಡೋ ಸರ್ಕಾರಿ ಆಫೀಸಿಗೆ ಹೋಗ್ತೀನಿ."

"ಹೋಗಿ. ಹೋಗೋ ಮುಂಚೆ ಕೆಳಗೆ ಆ ಕೆಂಪು ಪುಸ್ತಕದ ಹಾಳೆಯ ತಲೆಯಲ್ಲಿರೋ ಇಂಗ್ಲಿಷ್ ಓದಿ. ಸ್ಟೇಷನ್ನಿನಲ್ಲಿ ನೀವು ಇಂಗ್ಲಿಷ್ ಓದ್ತಿದ್ರಲ್ಲ." ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ದಣಿವಿತ್ತು. "'ಈ ವರ್ಷದ ಮತ್ತು ಹಿಂದಿನ ಎಲ್ಲ ವರ್ಷಗಳ ಲೆಕ್ಕ ನೋಡಿದ್ದೇವೆ, ಒಪ್ಪಿದ್ದೇವೆ, ಡಿವಿಡೆಂಡು ಪಡೆದಿದ್ದೇವೆ.' ಅದರ ಕೆಳಗೆ ರುಜುಗಳು. ವಕೀಲರು ಹೇಳಿಕೊಟ್ಟ ಉಪಾಯ. ಹೋದ ವರ್ಷ ಇನ್ನೂರ ಹದಿನಾರು ಜನ ಒಪ್ಪಿದಾರೆ, ನೀವೂ ಸೇರಿ."

"ನಾನು ಅದು ರಶೀದಿ ಅಂತ..."

"ಎಲ್ರೂ ಅಂದ್ಕೊಂಡಿದ್ದು ಅದನ್ನೇ. ಇನ್ನೂರ ಹದಿನೇಳರಲ್ಲಿ ಒಬ್ಬ ಮಾತ್ರ ತಟ್ಟೆ ಕೆಳಗಿಟ್ಟು ಮೇಲಿಂದ ಓದಿದ. ಓದಿ ಪೆನ್ನು ವಾಪಸ್ ಕೊಟ್ಟ. ಆ ಒಂದು ಗೆರೆ ಖಾಲಿ ಇದೆ, ಈ ವರ್ಷದ್ದೂ ಖಾಲೀನೇ. ನಿಮ್ಮ ಕೈಲಿರೋದು ಅಷ್ಟೇ, ಅವನ ಖಾಲಿ ಗೆರೆ. ಅದನ್ನಿಟ್ಕೊಂಡು ಗೆಲ್ಲೋದಾದ್ರೆ ಗೆಲ್ಲಿ. ನಾನು ಅಡ್ಡ ಬರಲ್ಲ."

ಶೇಷಪ್ಪ ಕಾಗದಗಳನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಇನ್ನೂರ ಹದಿನಾರರ ಎದುರು ಒಂದು. ಆದರೂ ಅದು ಒಂದು. ಲೆಕ್ಕ ಬರೆದವನೇ ಒಪ್ಪದ ಲೆಕ್ಕ ಎಂದರೆ ಯಾವ ಅಧಿಕಾರಿಯೂ ಒಮ್ಮೆ ತಲೆ ಎತ್ತಿ ನೋಡಲೇಬೇಕು.

ಮೆಟ್ಟಿಲಿಳಿದು ಸಾಲಿನ ಮುಂದೆ ನಿಂತ. ಬಂದೋಬಸ್ತಿನ ಹಳೆಯ ಗಂಟಲು ಇನ್ನೂ ಇತ್ತು.

"ಸ್ವಲ್ಪ ಕೇಳಿ! ಈ ದುಡ್ಡು ಲಾಭ ಅಲ್ಲ. ಷೇರಿಗೆ ಅಂತ ಕಟ್ಟಿದ ದುಡ್ಡನ್ನೇ ನಮಗೆ ವಾಪಸ್ ಕೊಡ್ತಾ ಇದಾರೆ. ಹೀಗೇ ತಗೊಂಡ್ರೆ ಒಂದು ದಿನ ಏನೂ ಉಳಿಯಲ್ಲ!"

"ನಮ್ಮ ದುಡ್ಡೇ ಆದ್ರೆ ನಾವು ತಗೊಳ್ಳೋಕೆ ನಿಮ್ಮದೇನು ಮಾರಾಯ್ರೆ?" ಎಂದರು ದಾಕ್ಷಾಯಣಮ್ಮ. ಸಾಲಿಗೆ ಸಾಲೇ ನಕ್ಕಿತು.

"ದಫೇದಾರ್ರು ತಮ್ಮದು ತಗೊಂಡು ಆಯ್ತೇನೋ, ಈಗ ನಮಗೆ ಬುದ್ಧಿ ಹೇಳ್ತಾರೆ," ಎಂದಿತು ಹಿಂದಿನಿಂದ ಒಂದು ದನಿ.

"ಹೆಲಿಕಾಪ್ಟರಿಗೆ ಎಂಜಿನ್ನೇ ಇಲ್ಲ! ಕೇಳಿ ಬೇಕಾದ್ರೆ, ಇಲ್ಲೇ ಇದಾನೆ ಕೆಂಚಪ್ಪ!"

ಕೆಂಚಪ್ಪ ಸಾಲಿನಲ್ಲಿದ್ದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

"ನಂಗೇನು ಗೊತ್ತು ಸಾಮಿ," ಎಂದ. "ನಾನು ಹೊರಗೆ ಕಾಯೋನು."

ಯಾರೋ ತೋಳು ಹಿಡಿದೆಳೆದರು. ಮಾಸ್ತಮ್ಮ. ಹಬ್ಬದ ಸೀರೆ, ಬೆವರಿದ ಮುಖ, ಸೆರಗಿನ ತುದಿಯಲ್ಲಿ ಗಂಟು.

"ಏನ್ರೀ ಇದು, ಬೀದೀಲಿ ನಿಂತು ಕೂಗಾಡೋದು? ಬನ್ನಿ ಮನೆಗೆ. ನಿಮ್ಮದೂ ನಾನೇ ಇಸ್ಕೊಂಡಿದೀನಿ, ನಿಮ್ಮ ಚೀಟಿ ತೋರಿಸಿ. ಇನ್ನೂರ ನಲವತ್ತು. ಒಲೆ ಮುಂದೆ ಮಗಳನ್ನೊಬ್ಬಳನ್ನೇ ಬಿಟ್ಟು ಬಂದಿದೀನಿ."

"ರುಜು ಹಾಕಿದ್ಯಾ?"

"ಹಾಕದೆ ಕೊಡ್ತಾರಾ?"

ಅವಳು ಮಾಡಿದ ತಪ್ಪಾದರೂ ಏನು? ಹೆಂಡತಿಯನ್ನು ಬದಿಗೆ ಸರಿಸಿ ಜನಾರ್ದನನ ಮುಂದೆ ಹೋಗಿ ಬಗ್ಗಿದ. ರಾಮಯ್ಯನ ಖಾಲಿ ಗೆರೆ ಒಂದನ್ನು ಕಣ್ಣಾರೆ ನೋಡಿಕೊಂಡು ಹೋದರೆ ಸಾಕು. ಸಂಜೆ ಚಿನ್ನಮ್ಮನಿಗೆ ಹೇಳಲು ಅಷ್ಟಾದರೂ ಇರುತ್ತದೆ.

"ಭದ್ರಾವತಿ ರಾಮಯ್ಯನ ಹೆಸರು ತೆಗಿ."

ಜನಾರ್ದನ ಎರಡು ಹಾಳೆ ಹಿಂದಕ್ಕೆ ತಿರುಗಿಸಿದ.

ನಲವತ್ತೊಂದು. ರಾಮಯ್ಯ, ಭದ್ರಾವತಿ. ಐದು ಷೇರು. ಅರವತ್ತು ರೂಪಾಯಿ.

ಗೆರೆ ಖಾಲಿ ಇರಲಿಲ್ಲ.

ಶೇಷಪ್ಪ ಬೆರಳಿಟ್ಟ. ಬೆರಳಿಗೆ ಶಾಯಿ ಹತ್ತಿತು. ದುಂಡಗಿನ ಅಕ್ಷರ, ಬೆಳಿಗ್ಗೆ ಮಾರ್ಕ್ಸ್ ಕಾರ್ಡಿನಲ್ಲಿ ಕಂಡ ಅದೇ ರುಜು. ಅದರ ಕೆಳಗೆ, ಸಣ್ಣದಾಗಿ, 'ಗಂ. 11-05.'

ಅಂಗಡಿಯ ಗಡಿಯಾರ ನೋಡಿದ. ಹನ್ನೊಂದೂ ಕಾಲು. ಹನ್ನೊಂದೂ ಐದು ಎಂದರೆ ತಾನು ಮಹಡಿಯ ಮೇಲೆ ಖಾಲಿ ಗೆರೆಯ ಮಾತು ಕೇಳುತ್ತಿದ್ದ ಹೊತ್ತು.

"ಯಾರು? ಯಾರು ಹಾಕಿದ್ದು ಇದನ್ನ?"

"ಸಾರ್, ಇಷ್ಟು ಜನ... ತಲೆ ಎತ್ತಿ ನೋಡೋಕೆ ಪುರುಸೊತ್ತೆಲ್ಲಿ?" ಜನಾರ್ದನನ ಮುಖ ಬಿಳಿಚಿಕೊಂಡಿತು. "ಯಾರೋ ಕಂಬಳಿ ಹೊದ್ದಿದ್ರು. ನಂಬರ್ ಹೇಳಿದ್ರು, ತಟ್ಟೆ ಕೊಟ್ಟೆ, ರುಜು ಹಾಕಿದ್ರು, ಹೋದ್ರು. ಹೆಸರು... ಹೆಸರು ನಾನು ಓದ್ಲಿಲ್ಲ ಸಾರ್."

ಶೇಷಪ್ಪ ಬೀದಿಗೆ ಓಡಿದ. ಎರಡೂ ತಿರುವಿನವರೆಗೆ ತಲೆಗಳು, ಪೇಟಗಳು, ಹೂ ಮುಡಿದ ಜಡೆಗಳು. ಚಳಿ ಶುರುವಾಗುವ ಕಾಲ. ಕಂಬಳಿ ಹೊದ್ದವರು ಒಬ್ಬರಲ್ಲ, ಹತ್ತಾರು ಜನ.

ಸತ್ತವನು ಬಂದು ರುಜು ಹಾಕಿದನೆಂದರೆ, ತೇಪೆ ಹಾಕಿದ ಅಂಗಿಯೊಳಗೆ ಹೊಳೆಯಲ್ಲಿ ಸಿಕ್ಕವನು ಯಾರು? ಬೇರೆ ಯಾರೋ ಹಾಕಿದ್ದಾದರೆ, ಗಂಟೆ ಬರೆಯುವ ಹುಚ್ಚು ಅವರಿಗೆ ಹೇಗೆ ಗೊತ್ತು? ಎರಡರಲ್ಲಿ ಯಾವುದೇ ಆಗಲಿ, ಲೆಕ್ಕ ಒಪ್ಪದಿದ್ದವನು ಈಗ ಪುಸ್ತಕದಲ್ಲಿ ಹಿಂದಿನದನ್ನೂ ಸೇರಿಸಿ ಒಪ್ಪಿದ್ದ. ಜೇಬಿನಲ್ಲಿದ್ದ ಪತ್ರಕ್ಕೆ ಬೆಲೆ ಉಳಿದಿರಲಿಲ್ಲ.

ಸಂಜೆಯ ರೈಲಿಗೆ ಅವನು ಭದ್ರಾವತಿಗೆ ಹೋಗಲಿಲ್ಲ. ಸ್ಟೇಷನ್ನಿನವರೆಗೆ ಹೋಗಿ, ಟಿಕೆಟ್ಟು ತೆಗೆದುಕೊಂಡು, ರೈಲು ಹೊರಟು ಹೋಗುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತಿದ್ದ.

ಐದು ಗಂಟೆಗೆ ಜನಾರ್ದನ ಪುಸ್ತಕ ಮುಚ್ಚಿ ದಾರ ಕಟ್ಟಿದ. ಇನ್ನೂರ ಹದಿನೇಳು ಹೆಸರು, ಇನ್ನೂರ ಹದಿನೇಳು ರುಜು. ಒಬ್ಬರಿಗೂ ತಪ್ಪಿರಲಿಲ್ಲ. ಶಿವಯೋಗಪ್ಪನವರು ಕೊಟ್ಟ ಮಾತು ಆ ವರ್ಷವೂ ನಡೆಯಿತು.